ಚೀಲದ ಬಾಯಿಗೆ ಕೆಂಪು ಎಳಿ

ನನಗ ಭಾಳ ಖುಷಿ ಆಗೈತಿ. ಎಷ್ಟು ಅಂದ್ರ, ಮುಂಜಾನಿ ಚಾ ಕುಡದು ಕಪ್ಪು ತೊಳದಿಟ್ಟ ಮ್ಯಾಲ ಸೊಸಿ ಬಂದು, "ಅತ್ತಿ, ಸಕ್ಕರಿ ಡಬ್ಬಿ ಇನ್ನೂ ನನ್ನ ಕೈಯಾಗ ಐತಿ, ನೀವು ಹ್ಯಾಂಗ ಕುಡದ್ರಿ?" ಅಂತ ಕೇಳಿದಳು. "ಸಿಹಿ ಇತ್ತಲ್ಲವಾ" ಅಂದೆ. ಆಕಿ ನನ್ನ ಮಾರಿ ನೋಡಿ ನಕ್ಕೋತ ಒಳಗ ಹೋದಳು. ಖುಷಿ ಯಾತರದು ಅನ್ನೂದನ್ನ ಕಡೀಕ ಬರೀತೇನಿ. ಮೊದಲ ಹೇಳಿಬಿಟ್ರ ನೀವು ಮುಂದಿಂದು ಓದೂದಿಲ್ಲ, ಎದ್ದು ಕೆಲಸಕ್ಕ ಹೋಗತೀರಿ.

ನೀವು ಅಂದ್ರ ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನ ಹಿಂದ ಒಣ ಕಸದ ಶೆಡ್ಡಿಗೆ ಹೊಸದಾಗಿ ಕೆಲಸಕ್ಕ ಬಂದ ಹುಡುಗೀರು. ಆ ಶೆಡ್ಡು ನಡಸೂದು ಹೆಂಗಸರ ಸಂಘ. ಸಂಘದ ಮುಂದಾಳು ನನ್ನ ಮಗನ ಮಗಳು ಭಾಗ್ಯಾ. ಶೆಡ್ಡು ಕೊಡೂ ಮುಂದ ಮಾರ್ಕೆಟ್ ಆಫೀಸಿನವರು ಒಂದ ಮಾತು ಹೇಳಿದ್ರಂತ: "ದೀಪಾವಳಿ ಮಟ ನೋಡತೇವಿ. ಯಾರ್ಡಿನ ಕಸ ಬ್ಯಾರೆ ಬ್ಯಾರೆ ಆಗಿ ಬಂದು, ಕೊಳ್ಳವ್ರು ಬಂದು ಒಯ್ದ್ರ ಶೆಡ್ಡು ನಿಮ್ಮದು. ಇಲ್ಲಂದ್ರ ಕೀಲಿ ತಂದು ಕೊಟ್ಟುಬಿಡ್ರಿ." ಆ ಕೀಲಿ ಭಾಗ್ಯಾನ ಸೊಂಟದಾಗ ಇತ್ತು. ಆಕಿ ಉಣ್ಣುವಾಗೂ ಅದರ ಮ್ಯಾಲ ಕೈ ಇಟಗೊಂಡು ಕೂಡತಿದ್ದಳು.

ನಾನು ಇದ ಯಾರ್ಡಿನಾಗ ಚೀಲ ಹೊಲದು ಮುದಕಿ ಆದಾಕಿ. ಹೆಸರು ಶಾಂತವ್ವ. ನಾಲ್ಕನೇ ಇಯತ್ತೆಕ್ಕ ಸಾಲಿ ಬಿಟ್ಟಾಕಿ, ಅಕ್ಷರ ಗುಂಡಗ ಬರೂದಿಲ್ಲ. "ಆಯಿ, ಹುಡುಗೀರು ನಿನ್ನ ಕಾಲದ ಕೆಲಸ ಹ್ಯಾಂಗಿತ್ತು ಅಂತ ಕೇಳತಾರ. ನೀ ಬಾಯಿಲೆ ಹೇಳಾಕ ಕುಂತ್ರ ಕೆಲಸ ನಿಂತ ಹೋಗತಾವ, ಬರದು ಕೊಡು" ಅಂದಳು ಭಾಗ್ಯಾ. ಅದಕ್ಕ ಬರಿಯಾಕತ್ತೇನಿ.

ನನ್ನ ತವರು ಇಂಡಿ ಕಡೆ ಲಚ್ಯಾಣ. ಮದಿವಿ ಆಗಿ ಮುದ್ದೇಬಿಹಾಳಕ್ಕ ಬಂದಾಗ ನನ್ನ ಗಂಡ ಯಾರ್ಡಿನಾಗ ಬಂಡಿ ಹೊಡೀತಿದ್ದ. ನಮ್ಮ ಅತ್ತಿ ನನ್ನನ್ನ ದ್ಯಾಮಕ್ಕನ ಕೈಯಾಗ ಕೊಟ್ಟಳು. ದ್ಯಾಮಕ್ಕ ಅಂದ್ರ ರೈತರ ಕಾಳು ಮಾರಿ ಕೊಡೂ ಸಂಗಪ್ಪ ಸಾಹುಕಾರರ ಅಡತಿ ಅಂಗಡಿ ಮುಂದ ಬೇವಿನ ಗಿಡದ ಕೆಳಗ ಕುಂತು, ಖಾಲಿ ಚೀಲ ಆರಿಸಿ, ಹರಕ ಹೊಲಿಯೂ ಹೆಂಗಸರಿಗೆ ಹಿರೀಕಿ. ಕಪ್ಪನ್ನ ಎತ್ತರದ ಹೆಂಗಸು, ಹಣಿ ತುಂಬ ಕುಂಕುಮ. ಆಕಿ ದನಿ ಕೇಳಿದ್ರ ಹಮಾಲರು ಬೀಡಿ ಆರಸತಿದ್ರು.

ಮೊದಲ ದಿನ ನಾ ದಬ್ಬಣ, ಸುತಳಿ ಹಿಡಕೊಂಡು ತಯಾರಾಗಿ ಕುಂತೆ. ಆಕಿ ಒಂದು ಚೀಲ ನನ್ನ ಮಾರಿ ಮ್ಯಾಲ ಒಗದಳು.

"ಮೂಸು."

"ಏನ್ರಿ?"

"ಕಿವಿ ಕೇಳೂದಿಲ್ಲೇನ? ಮೂಸಿ ನೋಡು. ಒಳಗ ಏನಿತ್ತು ಹೇಳು."

ಮೂಸಿದೆ. ಧೂಳು ಮೂಗಿನಾಗ ಹೋಗಿ ಸೀನು ಬಂತು, ಕಣ್ಣಾಗ ನೀರು ಬಂತು. ಎಲ್ಲಾರೂ ನಕ್ಕರು.

"ಗೊತ್ತಾತು ಬಿಡ್ರಿ, ಮೆಣಸಿನಕಾಯಿ" ಅಂದೆ.

"ನಿನಗ ಗೊತ್ತಾಗಲಿಲ್ಲ, ನಿನ್ನ ಮೂಗಿಗೆ ಗೊತ್ತಾತು. ಅದರ ಮಾತು ಕೇಳಕೋತ ಹೋಗು" ಅಂದಳು ದ್ಯಾಮಕ್ಕ.

ಹೊಲಿಗಿ ಕಲಿಯಾಕ ಹೆಚ್ಚು ದಿನ ಹತ್ತಲಿಲ್ಲ. ಆರಿಸೂದು ಕಲಿಯಾಕ ಭಾಳ ದಿನ ಹತ್ತಿತು. ಚೀಲ ಒಳಮಗ್ಗಲ ಹೊರಗ ಮಾಡಬೇಕು, ಕೋಲಿಲೆ ಬಡೀಬೇಕು, ಬಿಸಿಲಿಗಿ ಹಾಕಬೇಕು, ಆಮ್ಯಾಲ ಮೂಸಬೇಕು. ಜ್ವಾಳ, ತೊಗರಿ, ಕಡ್ಲಿ ತುಂಬಿದ ಚೀಲ ಹೊಳ್ಳಿ ಕಾಳಿಗೇ ಹೋಗಬೇಕು. ಉಳ್ಳಾಗಡ್ಡಿ ಚೀಲದ ವಾಸನಿ ಹೋಗೂದಿಲ್ಲ, ಅದು ಉಳ್ಳಾಗಡ್ಡಿಗೇ ಸೈ. ಖಾರದ್ದು ಖಾರಕ್ಕ. ಗೊಬ್ಬರ, ಬೆಳಿಗಿ ಹೊಡಿಯೂ ಎಣ್ಣಿ ಔಷಧ ಕಂಡ ಚೀಲ ಮನಷ್ಯಾರು ತಿನ್ನೂದನ್ನ ಮತ್ತ ಎಂದೂ ಕಾಣಬಾರದು. ನಮ್ಮೊಳಗ ನನ್ನ ಬಿಟ್ರ ಓದಾಕ ಬರವ್ರು ಯಾರೂ ಇರಲಿಲ್ಲ, ಹಮಾಲರಿಗೂ ಬರತಿರಲಿಲ್ಲ. ಅದಕ್ಕ ದ್ಯಾಮಕ್ಕ ಹಳೇ ಸೀರಿ ಅಂಚಿನಿಂದ ಬಣ್ಣದ ಎಳಿ ಬಿಚ್ಚಿ, ಚೀಲದ ಬಾಯಿಗೆ ಒಂದು ಸಣ್ಣ ಹೊಲಿಗಿ ಹಾಕತಿದ್ದಳು. ಹಸರ ಎಳಿ ಕಾಳಿಗೆ, ಬಿಳೇದು ಉಳ್ಳಾಗಡ್ಡಿಗೆ, ಕೆಂಪು ಖಾರಕ್ಕ. ಕರೇ ಎಳಿ ಕಂಡ್ರ ಎಲ್ಲಾರೂ ದೂರ. ಕತ್ತಲ ಗೋದಾಮಿನಾಗ ಬೆಳಕಿನ ಕಡೆ ಬಾಯಿ ಹಿಡದ್ರ ಸಾಕು, ಯಾವ ಚೀಲ ಎಲ್ಲಿಗಿ ಹೋಗಬೇಕು ಅಂತ ಗೊತ್ತಾಗತಿತ್ತು.

ಆಗ ಚೀಲ ಸಾಯತಿರಲಿಲ್ಲ ನೋಡ್ರಿ. ಹೊಸಾದಿದ್ದಾಗ ತೊಗರಿ ಹೊತ್ತು ಊರು ತಿರಗತಿತ್ತು. ಹರದ್ರ ತ್ಯಾಪಿ ಹಚ್ಚಿಸಿಕೊಂಡು ಮತ್ತ ತಿರಗತಿತ್ತು. ತ್ಯಾಪಿ ಮ್ಯಾಲ ತ್ಯಾಪಿ ಆದಾಗ ಬಿಚ್ಚಿ ತಟ್ಟು ಆಗತಿತ್ತು, ರಾಶಿ ಕಣದಾಗ ಹಾಸತಿದ್ದರು. ಆಮ್ಯಾಲ ಬಚ್ಚಲಕ್ಕ ಪಡದಿ, ಚಳಿಗಾಲಕ್ಕ ಎಮ್ಮಿ ಮ್ಯಾಲ ಹೊದಿಕಿ. ಕಡೀಕ ತಿಪ್ಪಿಗಿ ಹೋಗಿ ಗೊಬ್ಬರ ಆಗಿ ಹೊಲಕ್ಕ ಹೋಗತಿತ್ತು, ಮತ್ತ ತೊಗರಿ ಆಗಿ ಬರತಿತ್ತು. ಈಗ ನೀವು ಏನೋ ಮರುಬಳಕೆ ಅಂತೀರಲ್ಲ, ಆ ಹೆಸರು ನಮಗ ಗೊತ್ತಿರಲಿಲ್ಲ. ಒಗಿಯಾಕ ಮನಸ ಬರತಿರಲಿಲ್ಲ, ಅಷ್ಟ.

ಕೆಲವು ವರ್ಷ ಆದ ಮ್ಯಾಲ ಖಾಲಿ ಚೀಲ ತರಾಕ ಸಾಹುಕಾರರು ನನ್ನನ್ನ ಊರೂರಿಗೆ ಕಳಸಾಕ ಹತ್ತಿದರು. ನನಗೂ ತವರು ಕಂಡಂಗ ಆಗತಿತ್ತು. ಮೊದಲ ಇಂಡಿ, ಅಲ್ಲಿಂದ ಸಿಂದಗಿ, ಆಮ್ಯಾಲ ಬಸವನ ಬಾಗೇವಾಡಿ, ತಿರುಗಿ ಮುದ್ದೇಬಿಹಾಳ. ಒಂದೊಂದು ಊರಿನ ಚೀಲಕ್ಕ ಒಂದೊಂದು ವಾಸನಿ. ಕಣ್ಣು ಕಟ್ಟಿ ಬಿಟ್ಟಿದ್ರೂ ಯಾವ ಊರಾಗ ಅದೇನಿ ಅಂತ ಹೇಳತಿದ್ದೆ. ಬಾಗೇವಾಡಿದು ಉಳ್ಳಾಗಡ್ಡಿ. ಸಿಂದಗಿ ಚೀಲದಾಗ ಹತ್ತಿ ಎಳಿ ಸಿಕ್ಕೊಂಡಿರತಿದ್ದವು. ಅಲ್ಲಿಯ ಒಬ್ಬ ವ್ಯಾಪಾರಿ ಹೆಂಡತಿ, ಮೋರಟಗಿ ಕಡೆಯಾಕಿ, ಆ ಎಳಿ ಬಿಡಿಸಿಕೊಂಡು ದಿಂಬಿಗೆ ತುಂಬತಿದ್ದಳು. "ಶಾಂತವ್ವಾ, ಚೀಲ ನಿನಗ, ಒಳಗಿಂದು ನನಗ" ಅಂತ ಬಾಗಲದಾಗ ಕುಂತ ಬಿಡತಿದ್ದಳು. ಆಕಿಗೆ ಮೊಮ್ಮಗ ಹುಟ್ಟಿದಾಗ ಅದ ಹತ್ತೀಲೆ ತೊಟ್ಟಲ ಹಾಸಿಗಿ ಮಾಡಿ, ನನ್ನನ್ನ ಕರದು ಮುಟ್ಟಿಸಿ ತೋರಿಸಿದಳು.

ಇಂಡಿ ಚೀಲದ್ದು ಮಾತ ಬ್ಯಾರೆ. ಲಿಂಬಿಹಣ್ಣಿನ ಚೀಲ! ಒಮ್ಮೆ ಒಂದು ದೊಡ್ಡ ಗಂಟು ಬಸ್ಸಿನ ಹಿಂದಿನ ಸೀಟಿನ ಬಾಜೂ ಇಟಗೊಂಡು ಬರಾಕತ್ತಿದ್ದೆ. ಬ್ಯಾಸಗಿ ಬಿಸಿಲು. ಬಸ್ ತುಂಬ ಲಿಂಬಿ ವಾಸನಿ. ಕಂಡಕ್ಟರ್ ಬಂದ.

"ಯಕ್ಕಾ, ಲಗೇಜ್ ಟಿಕೀಟ ತೊಗೋಬೇಕು."

"ಖಾಲಿ ಚೀಲರಿ ಯಪ್ಪಾ."

"ಸುಳ್ಳ ಹೇಳಬ್ಯಾಡ. ನನ್ನ ಬಾಯಾಗ ನೀರ ಬರಾಕತ್ತೈತಿ, ಚೀಲ ಹ್ಯಾಂಗ ಖಾಲಿ ಇರತಾವ?"

ಗಂಟು ಬಿಚ್ಚಿ ತೋರಿಸಿದೆ. ಬಸ್ಸಿನ ಮಂದಿ ನಕ್ಕರು. ಮುಂದಿನ ಸೀಟಿನಾಗ ಒಬ್ಬ ಬಸಿರಿ ಹೆಣಮಗಳು ಇದ್ದಳು, ವಾಂತಿ ಮಾಡಿ ಮಾಡಿ ಸುಸ್ತಾಗಿದ್ದಳು. "ಯವ್ವಾ, ಒಂದು ಚೀಲ ಇತ್ತ ಕೊಡ್ತೀಯೇನ?" ಅಂದಳು. ಕೊಟ್ಟೆ. ಸಿಂದಗಿ ಬರೂ ಮಟ ಅದನ್ನ ಮಾರಿಗಿ ಹಿಡಕೊಂಡು ಆರಾಮ ಮಲಗಿದಳು. ಇಳಿಯೂ ಮುಂದ ಹೊಳ್ಳಿ ಕೊಡಾಕ ಬಂದಳು. "ಇಟಗೋ ತಂಗಿ, ಹಡಿಯೂ ಮಟ ಇಟಗೋ" ಅಂದೆ. ಸಾಹುಕಾರರು ಕೇಳಿದ್ರ ಒಂದು ಚೀಲ ಹಡಿಯಾಕ ಹೋಗೈತಿ ಅಂತ ಹೇಳಬೇಕಂತ ಮಾಡಿದ್ದೆ. ಅವರು ಕೇಳಲಿಲ್ಲ.

ಸಾಹುಕಾರರು ಬಾಯಿ ಜೋರು, ಮನಸು ಸಾಫು. ಆದ್ರ ಅವಸರ ಭಾಳ. ಮೆಣಸಿನಕಾಯಿ ಕತಿ ಹೇಳಬೇಕು, ಅದು ನಮ್ಮ ಯಾರ್ಡಿನಾಗ ಇವತ್ತಿಗೂ ನಡಿಯೂ ಮಾತು.

ಆ ವರ್ಷ ತೊಗರಿ ಬೆಳಿ ಚಲೋ ಬಂದಿತ್ತು. ಚೀಲ ಸಾಲತಿರಲಿಲ್ಲ. ಬ್ಯಾರೆ ಊರಿಂದ ಒಂದು ಲಾರಿ ಖಾಲಿ ಚೀಲ ತರಿಸಿದರು. ದ್ಯಾಮಕ್ಕ, "ಸಾವಕಾರ್ರ, ಎರಡ ದಿನ ಕೊಡ್ರಿ, ಆರಿಸಿ ಕೊಡತೇವಿ" ಅಂದಳು.

"ಎರಡ ದಿನಾ? ರೈತರು ಕಾಳು ನೆಲದ ಮ್ಯಾಲ ಹಾಕ್ಕೊಂಡು ಕುಂತಾರ! ಚೀಲ ಅಂದ್ರ ಚೀಲ. ತುಂಬ್ರಲೇ!"

"ಒಂದ ಮಾತ ಹೇಳತೇನ್ರಿ..."

"ನಿನ್ನ ಮೂಗಿನ ಸಲುವಾಗಿ ನನ್ನ ವ್ಯಾಪಾರ ನಿಲ್ಲಸಲೇನ ದ್ಯಾಮವ್ವಾ?"

ದ್ಯಾಮಕ್ಕ ಬೇವಿನ ಗಿಡದ ಕೆಳಗ ಹೋಗಿ ಕುಂತು ಎಲಿ ಅಡಿಕಿ ಹಾಕ್ಕೊಂಡಳು. ಹಮಾಲರು ತುಂಬಾಕ ಹತ್ತಿದರು. ಬ್ಯಾಸಗಿ ಬರಾಕತ್ತಿತ್ತು, ಅಂಗಿ ಬಿಚ್ಚಿ ಬರೀ ಬೆನ್ನಿಲೆ ಚೀಲ ಹೊರತಿದ್ದರು. ಮಲ್ಲಪ್ಪ ಅಂತ ಒಬ್ಬ ಹರೇದ ಹಮಾಲ, ಎಲ್ಲಾರಗಿಂತ ಗಟ್ಟಿ, ಓಡಕೋತ ಹೊರತಿದ್ದ. ಬೆವರು ಇಳೀತು. ಬೆವರಿಗೆ ಚೀಲ ತೊಯ್ದವು. ಆಗ ಅದರಾಗ ಇದ್ದ ಮೆಣಸಿನಕಾಯಿ ಚೀಲ ಮಾತಾಡಾಕ ಹತ್ತಿದವು ನೋಡ್ರಿ.

"ಅಯ್ಯಯ್ಯೋ ಯವ್ವಾ!" ಅಂತ ಮಲ್ಲಪ್ಪ ಚೀಲ ಒಗದು ದನದ ನೀರಿನ ತೊಟ್ಟೀಗೆ ಹಾರಿದ. ಹಿಂದಿಂದ ಇನ್ನೊಬ್ಬ, ಮತ್ತೊಬ್ಬ. ತೊಟ್ಟಿ ಸಾಲಲಿಲ್ಲ. ಧೂಳಿಗೆ ಇಡೀ ಯಾರ್ಡು ಸೀನಾಕ ಹತ್ತಿತು. ರೈತರು ಸೀನಿದರು, ಎತ್ತು ಸೀನಿದವು. ಸಾಹುಕಾರರು ಗಾದಿ ಮ್ಯಾಲ ಕುಂತು ಬೈಯಾಕ ಬಾಯಿ ತೆಗೀತಿದ್ದರು, ಪ್ರತಿ ಸಲ ಬೈಗಳದ ಬದಲಿ ಸೀನ ಬರತಿತ್ತು. ದ್ಯಾಮಕ್ಕ ಮಾತ್ರ ಸೆರಗು ಮೂಗಿಗೆ ಹಿಡಕೊಂಡು, ಮನಿಂದ ಮಜ್ಜಿಗಿ ತರಿಸಿ, ತೊಟ್ಟಿ ಮುಂದ ನಿಂತು ಹಮಾಲರ ಬೆನ್ನಿಗೆ ಸುರುವಿದಳು. "ಸುಮ್ಮನ ಕೂಡೋ ಮಲ್ಯಾ, ಬೆನ್ನ ತಣ್ಣಗ ಆದ ಮ್ಯಾಲ ಅಳು" ಅಂತಿದ್ದಳು.

ತುಂಬಿದ್ದೆಲ್ಲಾ ಹೊಳ್ಳಿ ಸುರುವಿ, ಚೀಲ ಆರಿಸಿ, ಮತ್ತ ತುಂಬಬೇಕಾತು. ಸಂಜಿಮುಂದ ಸಾಹುಕಾರರು ತಾವ ಗಿಡದ ಕೆಳಗ ಬಂದರು. "ದ್ಯಾಮವ್ವಾ, ಇನ್ನ ನಿನ್ನ ಎಳಿ ಇಲ್ಲದ ಚೀಲ ನನ್ನ ಅಂಗಡಿ ಕಟ್ಟಿ ಏರಬಾರದು."

"ಆತ್ರಿ ಸಾವಕಾರ್ರ. ಮೊದಲ ಮಜ್ಜಿಗಿ ಕುಡೀರಿ, ಸ್ವಲ್ಪ ಉಳದೈತಿ" ಅಂದಳು.

ಅಂದಿನಿಂದ ಯಾರ್ಡಿನ ಹಮಾಲರು ಚೀಲದ ಬಾಯಿ ನೋಡದ ಬೆನ್ನು ಕೊಡತಿರಲಿಲ್ಲ.

ಆಮ್ಯಾಲ ಪ್ಲಾಸ್ಟಿಕ್ ಚೀಲ ಬಂದವು. ಮೊದಲ ನಮಗ ಮಜಾ ಅನಿಸ್ತು. ಹಗುರ, ಬೆಳ್ಳಗ, ಮ್ಯಾಲ ಚಿತ್ರ. ದಬ್ಬಣ ಹಾಕಿ ನೋಡಿದೆ, ತೂತು ಬಿದ್ದಲ್ಲಿಂದ ಉದ್ದಕ ಹರಕೋತ ಹೋತು. ತ್ಯಾಪಿ ನಿಲ್ಲೂದಿಲ್ಲ. ಬಿಸಿಲಿಗಿ ಇಟ್ರ ಪುಡಿ ಪುಡಿ ಆಗಿ ಹಾರತಾವ, ತಿಪ್ಪ್ಯಾಗ ಹಾಕಿದ್ರ ಕರಗೂದಿಲ್ಲ. ನಾವು ಸುಮ್ಮನ ಕೂಡಲಿಲ್ಲ. ಚಲೋ ಇದ್ದವು ಆರಿಸಿ ತೊಳದು, ನಾಕಾರು ಕೂಡಿಸಿ ತಾಡಪತ್ರಿ ಮಾಡಿದಿವಿ, ಮೇವಿನ ಬಣವಿ ಮ್ಯಾಲ ಹೊಚ್ಚಾಕ ರೈತರು ಒಯ್ಯತಿದ್ದರು. ಆದ್ರ ಬಾಯಿ ಹೊಲಿಯಾಕ ಕೈಮಷಿನ್ ಬಂತು, ಚೀಲ ಒಂದ ಸಲಕ್ಕ ಮುಗೀಲಿ ಅನ್ನೂ ಮಂದಿ ಬಂದರು. ಗಿಡದ ಕೆಳಗಿನ ಹೆಂಗಸರು ಒಬ್ಬೊಬ್ಬರಾಗಿ ಕಡಿಮಿ ಆದರು.

ದ್ಯಾಮಕ್ಕ ಕಡೀ ಮಟ ಬಂದಳು. ಕಣ್ಣು ಮಂದ ಆಗಿದ್ದವು. ದಬ್ಬಣದ ಕಣ್ಣು ಎಷ್ಟು ದೊಡ್ಡದು ಇರತೈತಿ, ಅದೂ ಕಾಣತಿರಲಿಲ್ಲ. ನಾ ಎಳಿ ಪೋಣಿಸಿ ಕೊಡತಿದ್ದೆ. "ಪೋಣಿಸೂದು ಹರೇದವರ ಕೆಲಸ ಶಾಂತಾ. ನನ್ನ ಕೈ ಹೊಲಿಗಿ ಮರತಿಲ್ಲ, ಅಷ್ಟ ಸಾಕು" ಅಂತಿದ್ದಳು. ಆಕಿ ಹೋದ ಮ್ಯಾಲೂ ನಾನು ಕೆಲವು ವರ್ಷ ಕುಂತೆ. ಆಗ ಭಾಗ್ಯಾ ಸಣ್ಣಾಕಿ. ಸಾಲಿ ಬಿಟ್ಟ ಮ್ಯಾಲ ಬಂದು ಚೀಲದ ಒಟ್ಟಲ ಮ್ಯಾಲ ಮಲಗತಿದ್ದಳು. ಆಕಿ ಮಾರಿ ಮ್ಯಾಲ ಗೋಣಿ ಗೆರಿ ಮೂಡಿರತಿದ್ದವು. ಕಡೀಕ ನಾನೂ ದಬ್ಬಣ ಒಂದು ತಗಡಿನ ಡಬ್ಬ್ಯಾಗ ಹಾಕಿ ಗ್ವಾಡಿ ಮಾಡದಾಗ ಇಟ್ಟೆ. ಈ ಕೆಲಸ ನನ್ನ ಕೂಡ ಮುಗೀತು ಅನಕೊಂಡಿದ್ದೆ.

ಈಗ ಶೆಡ್ಡಿನ ಮಾತು. ಭಾಗ್ಯಾ ಕಾಲೇಜು ಕಲತಾಕಿ, ಸಂಘದ ಹೆಂಗಸರನ್ನ ಕೂಡಿಸಿ ಅಂಗಡಿ ಅಂಗಡಿಗೆ ಹೋಗಿ ಕೈ ಮುಗದಳು. ಅಚ್ಚ ಹಾಕಿಸಿದ ಬೋರ್ಡು ತೂಗಹಾಕಿಸಿದಳು: ಇಲ್ಲಿ ರಟ್ಟು, ಇಲ್ಲಿ ಪ್ಲಾಸ್ಟಿಕ್, ಇಲ್ಲಿ ಹಸಿ ಕಸ. ಹಮಾಲರು ಆ ಬೋರ್ಡಿಗೆ ಅಂಗಿ ತೂಗಹಾಕಿದರು. ಕಸ ಮೊದಲಿನಂಗ ಕಲಸಿಕೊಂಡ ಬಂತು. ರಟ್ಟಿನ ಜೋಡಿ ಚಾದ ಚರಟ, ಪ್ಲಾಸ್ಟಿಕ್ ಜೋಡಿ ಉಪ್ಪಿಟ್ಟು. ನವರಾತ್ರಿ ಮುಂದ ವಿಜಯಪುರದ ಕೊಳ್ಳವ ಲಾರಿ ತೊಗೊಂಡು ಬಂದ. ಒಂದು ಚೀಲದಾಗ ಕೈ ಹಾಕಿದ, ತೊಯ್ದ ಬಾಳಿ ಎಲಿ ತೆಗದ, ಅದರ ಮ್ಯಾಲ ಸಾರು ಇತ್ತು.

"ತಂಗೀ, ಊಟಕ್ಕ ಕರದೀಯೋ, ಕಸಕ್ಕ ಕರದೀಯೋ?" ಅಂದನಂತ. ಖಾಲಿ ಲಾರಿ ಹೊಳ್ಳಿಸಿಕೊಂಡು ಹೋದ. "ದೀಪಾವಳಿ ಮುಂದ ಒಮ್ಮೆ ಈ ಕಡೆ ಬರತೇನಿ. ಹಿಂಗ ಇದ್ರ ಫೋನ್ ಮಾಡಬ್ಯಾಡ."

ಅಂದು ಭಾಗ್ಯಾ ಮನಿಗೆ ಬಂದು ರೊಟ್ಟಿ ಮುರದು ಹಂಗ ತಾಟಿನಾಗ ಇಟ್ಟಳು. "ಆಯಿ, ಅವರು ಓದೂದ ಇಲ್ಲ."

"ಬೆನ್ನ ಮ್ಯಾಲ ಚೀಲ ಇದ್ದಾವ ತಲಿ ಎತ್ತಿ ಬೋರ್ಡು ಹ್ಯಾಂಗ ಓದಬೇಕವಾ? ಅವನ ಕಣ್ಣು ನೆಲದ ಮ್ಯಾಲ ಇರತಾವ, ಇಲ್ಲಾ ಚೀಲದ ಮ್ಯಾಲ" ಅಂದೆ. ಸಮಾಧಾನಕ್ಕ ಅಂದ ಮಾತು. ಆಕಿ ತಾಟು ಹತ್ತಿರ ಎಳಕೊಂಡಳು. ಆಮ್ಯಾಲ ರೊಟ್ಟಿ ತಿಂದಳು.

ಮರುದಿನ ಗ್ವಾಡಿ ಮಾಡದಾಗಿನ ದಬ್ಬಣದ ಡಬ್ಬಿ ಕಾಣಲಿಲ್ಲ. ಅದರ ಮರುದಿನ ಟ್ರಂಕು ತೆಗದ್ರ ನನ್ನ ಹಳೇ ಇಳಕಲ್ಲ ಸೀರಿ ಕೆಂಪ ಅಂಚು ಹರದೈತಿ, ಹಸರ ಸೀರಿ ಸೆರಗ ಇಲ್ಲ. ಇಲಿ ಆಗ್ಯಾವ ಅಂತ ಗದ್ದಲ ಮಾಡಿ ಬೋನು ಇಡಿಸಿದೆ. ಸೊಸಿ ಬಾಯಿಗೆ ಸೆರಗು ಇಟಗೊಂಡು ಅಡಿಗಿ ಮನಿಗೆ ಹೋದಳು. ಆಕಿಗೆ ಎಲ್ಲಾ ಗೊತ್ತಿತ್ತು, ಕಳ್ಳಿ.

ನಿನ್ನೆ ಮಧ್ಯಾಹ್ನ ಮಲ್ಲಪ್ಪ ಮನಿಗೆ ಬಂದ. ಅದ ತೊಟ್ಟ್ಯಾಗ ಹಾರಿದ ಮಲ್ಲಪ್ಪ. ಈಗ ಮೀಸಿ ಬೆಳ್ಳಗ ಆಗ್ಯಾವ, ಹಮಾಲರಿಗೆಲ್ಲಾ ಹಿರಿಯ.

"ಶಾಂತಕ್ಕಾ, ಏಳು. ಲಾರಿ ಬಂದೈತಿ."

"ನಾ ಬಂದು ಏನ ಮಾಡಲೋ? ಆ ಹುಡುಗಿ ಮಾರಿ ನೋಡಾಕ ಆಗೂದಿಲ್ಲ ನನಗ."

"ನೀ ಬಾ ಅಂದ್ರ ಬಾ. ಮುದಕಿ ಆದ್ರೂ ಹಟ ಬಿಡಲಿಲ್ಲ ನೋಡು" ಅಂತ ಆಟೋದಾಗ ಕೂಡಿಸಿದ.

ಯಾರ್ಡಿನಾಗ ಇಳದೆ. ಸಂಗಪ್ಪ ಸಾಹುಕಾರರು ಈಗಿಲ್ಲ, ಅವರ ಮಗ ಅಂಗಡಿ ನಡಸತಾನ. ಆ ಅಂಗಡಿ ಕಟ್ಟಿ ಮ್ಯಾಲ ಹಳೇ ಗೋಣಿಚೀಲ ಸಾಲಾಗಿ ತೂಗ್ಯಾವ. ಬಾಜೂ ಅಂಗಡಿ ಮುಂದ, ಅದರ ಬಾಜೂ ಅಂಗಡಿ ಮುಂದನೂ ಹಂಗ. ಒಂದೊಂದರ ಬಾಯಿಗೆ ಒಂದೊಂದು ಬಣ್ಣದ ಹೊಲಿಗಿ. ಹತ್ತಿರ ಹೋಗಿ ಮುಟ್ಟಿ ನೋಡಿದೆ. ನನ್ನ ಸೀರಿ ಕೆಂಪು! ನನ್ನ ಸೆರಗಿನ ಹಸರ!

ಚಾ ಕುಡದ ಒಬ್ಬ ಹರೇದ ಹಮಾಲ ಕಾಗದದ ಚಾ ಕಪ್ಪನ್ನ ಹಸರ ಎಳಿ ಚೀಲಕ್ಕ ಒಗಿಯಾಕ ಹೋದ. ಮಲ್ಲಪ್ಪ ಅಲ್ಲಿಂದ ಕೂಗಿದ, "ಏ ತಮ್ಮಾ! ಹಸರದಾಗ ಒಣಾದು, ಚೊಕ್ಕಾದು ಅಷ್ಟ. ಹಸೀದು ಕೆಂಪಿಗೆ! ಎಳಿ ಇಲ್ಲದ ಖಾರದ ಚೀಲಕ್ಕ ಬೆನ್ನು ಕೊಟ್ಟಾಂವ ನಾನು, ಉರಿ ಏನಂತ ನನ್ನ ಕೇಳು."

"ಕೇಳೇನಿ ಕಾಕಾ, ದಿನಾ ಹೇಳತಿ" ಅನಕೋತ ಆ ಹುಡುಗ ಅದನ್ನ ಕೆಂಪು ಎಳಿ ಚೀಲಕ್ಕ ಹಾಕಿದ. ಸುತ್ತಲ ಮಂದಿ ನಕ್ಕರು.

ಹಸರದಾಗ ರಟ್ಟು, ಕಾಗದ. ಬಿಳೇದರಾಗ ಪ್ಲಾಸ್ಟಿಕ್. ಕರೇದರಾಗ ಒಡದ ಗಾಜು, ಔಷಧ ಬಾಟ್ಲಿ. ಕೆಂಪಿನಾಗ ಹಸೀದು, ಅದನ್ನ ರೈತರು ತಿಪ್ಪಿಗಿ ಒಯ್ಯತಾರಂತ. ಬೋರ್ಡು ಎಲ್ಲಿ ಅಂತ ನೋಡಿದೆ. ಅದಕ್ಕ ಇನ್ನೂ ಅಂಗಿ ತೂಗಿದ್ದವು.

ಶೆಡ್ಡಿನ ಮುಂದ ಲಾರಿ ನಿಂತಿತ್ತು. ವಿಜಯಪುರದಾವ ಒಂದು ಹಸರ ಎಳಿ ಚೀಲ ಬಿಚ್ಚಿಸಿದ, ಕೈ ಹಾಕಿದ. ಇನ್ನೊಂದು ಬಿಚ್ಚಿಸಿದ. ತಳದ ಮಟ ತೋಳು ಇಳಿಸಿದ, ಕೈ ತೆಗದು ಮೂಸಿದ. ಖರೇ, ಮೂಸಿದ! ನಾನು ಶೆಡ್ಡಿನ ಕಂಬ ಹಿಡಕೊಂಡು ನಿಂತಿದ್ದೆ. ಭಾಗ್ಯಾನ ಕೈ ಸೊಂಟದ ಕೀಲಿ ಮ್ಯಾಲ ಇತ್ತು.

"ಏರಿಸ್ರಿ" ಅಂದ ಅವ. "ಎಲ್ಲಾ ಏರಿಸ್ರಿ. ತಂಗೀ, ಮುಂದಿನ ಸಲ ಯಾವಾಗ ಬರಲಿ?"

ಶೆಡ್ಡು ನಮ್ಮದಾತು ಅಂತ ಹೆಂಗಸರು ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿರಬೇಕು. ಮಲ್ಲಪ್ಪ ಅಂಗಿ ಬಿಚ್ಚಿ, ಆ ವಯಸ್ಸಿನಾಗ, ಮೊದಲನೇ ಚೀಲ ತನ್ನ ಬೆನ್ನಿಗೆ ಹಾಕಿಸಿಕೊಂಡ. ಮೊದಲ ಬಾಯಿ ನೋಡಿದ.

"ಯಾರು ಕಲಿಸಿದ್ರು ಇದನ್ನ ನಿನಗ?" ಅಂತ ಕೇಳಿದೆ ಭಾಗ್ಯಾನ್ನ. ನಾ ಎಂದೂ ಆಕಿಗೆ ಕುಂಡರಿಸಿ ಹೇಳಿಕೊಟ್ಟಾಕಿ ಅಲ್ಲ.

"ಯಾರು ಕಲಸಬೇಕಾಯಿ? ನಿನ್ನ ಒಟ್ಟಲ ಮ್ಯಾಲ ಮಲಗಿದಾಗ ನನ್ನ ಕಣ್ಣ ಮುಂದ ಅವ ಎಳಿ ಇರತಿದ್ದವು. ನಿದ್ದಿ ಬರೂ ಮಟ ಅವನ್ನ ನೋಡತಿದ್ದೆ" ಅಂದಳು. ಆಮ್ಯಾಲ ಸಣ್ಣ ದನೀಲೆ, "ಸೀರಿಗೆ ಬೈಯಬ್ಯಾಡ" ಅಂದಳು.

"ಇಲೀಗೆ ಬೈದು ಮುಗಿಸೇನಿ" ಅಂದೆ.

ಕಡೀ ಚೀಲ ಉಳದಿತ್ತು. ಬಾಯಿ ಹೊಲಿಯೂದು ಬಾಕಿ. ಭಾಗ್ಯಾ ನನ್ನ ದಬ್ಬಣ ನನ್ನ ಕೈಯಾಗ ಇಟ್ಟಳು, ಒಂದು ಹಸರ ಎಳಿನೂ ಕೊಟ್ಟಳು. "ಇದು ನಿನ್ನದು ಆಯಿ."

ಕುಂತೆ. ಎಳಿ ತುದಿ ತುಟೀಲೆ ತೊಯ್ಸಿದೆ. ಪೋಣಿಸಾಕ ಹೋದ್ರ ಕಣ್ಣು ಕಾಣಲಿಲ್ಲ. ಅಷ್ಟು ದೊಡ್ಡ ಕಣ್ಣು ದಬ್ಬಣದ್ದು, ಕಾಣಲಿಲ್ಲ. ವಯಸ್ಸಿಗೇನೋ ಅನಕೊಂಡೆ, ಸೆರಗಿಲೆ ಒರಸಿಕೊಂಡ್ರ ನೀರು. ಭಾಗ್ಯಾ ನನ್ನ ಬಾಜೂ ಕುಂತು, ದಬ್ಬಣ ತೊಗೊಂಡು, ಬೆಳಕಿನ ಕಡೆ ಹಿಡದು, ಎಳಿ ಪೋಣಿಸಿ ನನ್ನ ಕೈಯಾಗ ಕೊಟ್ಟಳು.

ನಾ ಹೊಲದೆ.